ಸಂಘ ನೋಂದಣಿಯಾಗಿ 14 ತಿಂಗಳಷ್ಟೇ: ಊರಲ್ಲಿ ದೊಡ್ಡಾಟ, ತೊಗಲುಗೊಂಬೆಯಾಟ ಮಾಡಿಸಲು ಧನಸಹಾಯ ಎಲ್ಲಿ ಕೇಳಬೇಕು?

ಬಯಲಾಟ ಬಳಗ (ಕುಷ್ಟಗಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಊರು ಸಣ್ಣದು, ಸುಮಾರು 2,500 ಜನ. ಸಂಕ್ರಾಂತಿ ಮುಗಿದ ಮೇಲೆ ಯುಗಾದಿಯೊಳಗೆ ಮೂರು ಕೆಲಸ ಆಗಬೇಕು. ಹುಡುಗರಿಗೆ ಒಂದು ತಿಂಗಳು ದೊಡ್ಡಾಟದ (ಬಯಲಲ್ಲಿ ಆಡುವ ಜನಪದ ನಾಟಕ) ತಾಲೀಮು ಕೊಡಿಸಿ ಇಲ್ಲೊಂದು, ಪಕ್ಕದೂರಲ್ಲೊಂದು ಆಟ. ಒಂದು ರಾತ್ರಿ ತೊಗಲುಗೊಂಬೆಯಾಟ. ಮರುದಿನ ಅದೇ ಮೇಳದವರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕಮ್ಮಟ.

ಖರ್ಚಿನ ಅಂದಾಜು 1,80,000 ರೂಪಾಯಿ: ವೇಷಭೂಷಣ ಖರೀದಿ 60,000, ಶಾಮಿಯಾನ-ಮೈಕ್-ಲೈಟ್ 40,000, ತಾಲೀಮಿನ ಮಾಸ್ತರರಿಗೆ 25,000, ಊಟ 25,000, ಸನ್ಮಾನ-ಶಾಲು-ಫಲಕ 15,000, ಪ್ರಚಾರ 10,000, ಕಲಾವಿದರಿಗೆ ಗೌರವಧನ 5,000. ಸಂಘ ಯುವಕರದು, ನೋಂದಣಿಯಾಗಿ 14 ತಿಂಗಳು. ಬ್ಯಾಂಕ್ ಖಾತೆ, ಪ್ಯಾನ್ ಇವೆ. ಆಡಿಟ್ ಒಂದು ವರ್ಷದ್ದು ಮಾತ್ರ ಇದೆ. ಎಲ್ಲಿಗೆ ಅರ್ಜಿ ಹಾಕಬೇಕು, ಯಾವುದು ಮೊದಲು?

ತಾಲೀಮುಮನೆ (ಸಿಂಧನೂರು)

ಮೊದಲು ನಿಮ್ಮ ಬೈಲಾ (ಸಂಘದ ನಿಯಮಾವಳಿ) ತೆಗೆದು ಧ್ಯೇಯೋದ್ದೇಶ ಓದಿರಿ. ಯುವಕ ಸಂಘಗಳ ಬೈಲಾದಾಗ ಬಹಳ ಸಲ ಕ್ರೀಡೆ, ರಕ್ತದಾನ, ಸ್ವಚ್ಛತೆ ಇಷ್ಟೇ ಇರ್ತದ. ಕಲೆ, ಜಾನಪದ, ರಂಗಭೂಮಿ ಅಂತ ಒಂದು ಸಾಲು ಇಲ್ಲಂದ್ರ ಅರ್ಜಿ ಮೊದಲ ಪರಿಶೀಲನೆಯಾಗೇ ಬಿದ್ದುಹೋಗ್ತದ. ಇಲ್ಲಂದ್ರ ವಿಶೇಷ ಸಭೆ ಕರೆದು, ನಡಾವಳಿ ಬರೆದು, ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಾಗ ತಿದ್ದುಪಡಿ ಮಾಡಿಸಿರಿ. ಇದಕ್ಕ ಯಾವ ಅನುದಾನಕ್ಕೂ ಕಾಯಬೇಕಿಲ್ಲ, ಈ ವಾರವೇ ಶುರು ಮಾಡಬಹುದು.

ಎರಡನೇದು, 14 ತಿಂಗಳ ಸಂಘಕ್ಕ ದೊಡ್ಡ ಬಾಗಿಲು ಈಗ ತೆರೆಯೂದಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ಪ್ರದರ್ಶನ ನಿರ್ಮಾಣ ಅನುದಾನ ಸಾಮಾನ್ಯವಾಗಿ 5 ಲಕ್ಷದವರೆಗೆ ಸಿಗ್ತದ. ಅದಕ್ಕ ನೋಂದಣಿಯಾಗಿ 3 ವರ್ಷ ಆಗಿರಬೇಕು, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ ಬೇಕು. ಹಣವೂ ಎರಡು ಕಂತಿನಾಗ ಬರ್ತದ, ಮೊದಲು 75 ಪರ್ಸೆಂಟ್, ಲೆಕ್ಕ ಒಪ್ಪಿಸಿದ ಮೇಲೆ ಉಳಿದ 25. ಆ ಕೊನೆಯ ಕಾಲುಭಾಗ ಕೈಯಿಂದ ಹಾಕಿ ತಿಂಗಳುಗಟ್ಟಲೆ ಕಾಯುವ ಶಕ್ತಿ ಸಂಘಕ್ಕ ಇರಬೇಕು. ದರ್ಪಣ್ ನೋಂದಣಿಯನ್ನ ಮಾತ್ರ ಈಗಲೇ ಮಾಡಿ ಇಟ್ಟುಕೊಳ್ಳಿರಿ.

ಈ ವರ್ಷಕ್ಕ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿರಿ, ಆದ್ರ ಸಂಘಕ್ಕ ಧನಸಹಾಯ ಬೇಡಬೇಡಿರಿ, ಪ್ರಾಯೋಜನೆ ಕೇಳಿರಿ. ಪ್ರಾಯೋಜನೆ ಅಂದ್ರ ಕಲಾತಂಡವನ್ನ ಇಲಾಖೆ ಗೊತ್ತು ಮಾಡಿ ಕಳಿಸ್ತದ, ಸಂಭಾವನೆ ನೇರವಾಗಿ ತಂಡದ ಖಾತೆಗೆ ಹೋಗ್ತದ. ನಿಮ್ಮ ಸಂಘದ ಖಾತೆಗೆ ಒಂದು ರೂಪಾಯಿ ಬರೂದಿಲ್ಲ, ಹಂಗಾಗಿ ಸಂಘದ ವಯಸ್ಸಿನ ತೊಡಕೂ ಕಡಿಮೆ. ತೊಗಲುಗೊಂಬೆಯಾಟಕ್ಕ ಇದು ಸರಿಹೊಂದ್ತದ. ಕೊಪ್ಪಳ ಜಿಲ್ಲೆಯವರಿಗೆ ಈ ಕಲೆ ದೂರದ್ದಲ್ಲ, ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತು. ಈ ಆಟ ಆಡಿಸಿಕೊಂಡು ಬಂದ ಶಿಳ್ಳೇಕ್ಯಾತ ಸಮುದಾಯ ಪರಿಶಿಷ್ಟ ಜಾತಿ ಪಟ್ಟಿಯಾಗ ಇರೂದರಿಂದ, ಪರಿಶಿಷ್ಟ ಜಾತಿಯವರಿಗಂತ ಇರುವ ಇಲಾಖೆಯ ವಿಶೇಷ ಘಟಕ ಯೋಜನೆಯ ಹಣದಾಗೂ ಕೇಳಬಹುದು. ತಂಡದ ಪ್ರತಿಯೊಬ್ಬರ ಜಾತಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಪ್ರತಿ ಅರ್ಜಿ ಜೋಡಿ ಇರಲಿ.

ದೊಡ್ಡಾಟಕ್ಕ ಹಳೇ ಸಂಘವೊಂದನ್ನ ಜೊತೆ ಮಾಡಿಕೊಳ್ಳಿರಿ. ಆಗ ಅರ್ಜಿ, ಖಾತೆ, ಬಿಲ್ ಎಲ್ಲಾ ಅವರ ಹೆಸರಲ್ಲೇ ಇರಬೇಕು, ನೀವು ಸಹ ಸಂಘಟಕರು ಅಷ್ಟೇ. ಅವರ ಖಾತೆಗೆ ಬಂದ ಅನುದಾನವನ್ನ ನಿಮ್ಮ ಖಾತೆಗೆ ವರ್ಗ ಮಾಡಿಸಿಕೊಂಡ್ರಿ ಅಂದ್ರ ಆಡಿಟ್‌ನಾಗ ಇಬ್ಬರೂ ಸಿಕ್ಕಿಬೀಳ್ತೀರಿ. ಯಾರ ಕೆಲಸ ಯಾವುದು ಅಂತ ಛಾಪಾ ಕಾಗದದ ಮೇಲೆ ಒಡಂಬಡಿಕೆ ಬರೆಸಿರಿ.

ಹಾರ್ಮೋನಿ (ಬಳ್ಳಾರಿ)

ಅರ್ಜಿ ಎಲ್ಲಿಗೆ ಅನ್ನುವುದಕ್ಕಿಂತ ನಿಮ್ಮ ಅಂದಾಜುಪಟ್ಟಿಯೇ ನನಗೆ ಹೆಚ್ಚು ಚಿಂತೆ ತಂದಿದೆ. ಕಲಾವಿದರಿಗೆ 5,000, ಶಾಲು-ಫಲಕಕ್ಕೆ 15,000. ಅನುದಾನ ಕೊಡುವವರು ಮೊದಲು ನೋಡುವುದು ಇದನ್ನೇ. ಬಣ್ಣ ಹಚ್ಚಿ ರಾತ್ರಿ ಕುಣಿಯುವವನ ಕೂಲಿಗಿಂತ ಸನ್ಮಾನದ ಖರ್ಚು ಮೂರು ಪಟ್ಟು ಇದ್ದರೆ ಅದು ಕಲಾ ಕಾರ್ಯಕ್ರಮದ ಪಟ್ಟಿ ಆಗುವುದಿಲ್ಲ, ವೇದಿಕೆ ಕಾರ್ಯಕ್ರಮದ ಪಟ್ಟಿ ಆಗುತ್ತದೆ.

ಇಡಿಗಂಟು ಬರೆಯಬೇಡಿ, ಎಷ್ಟು ಜನ, ಎಷ್ಟು ದಿನ, ದಿನಕ್ಕೆ ಎಷ್ಟು ಎಂದು ಒಡೆದು ಬರೆಯಿರಿ. ನಿಮ್ಮ ಅದೇ 1,80,000ವನ್ನು ಹೀಗೆ ಕೂರಿಸಬಹುದು. 12 ಪಾತ್ರಧಾರಿಗಳು, 4 ಜನ ಹಿಮ್ಮೇಳ, ಒಟ್ಟು 16 ಜನಕ್ಕೆ ಎರಡು ಆಟಕ್ಕೆ ತಲಾ 1,000ದಂತೆ 32,000. ಮಾಸ್ತರರಿಗೆ 30 ದಿನದ ತಾಲೀಮಿಗೆ ದಿನಕ್ಕೆ 800ರಂತೆ 24,000. ಹಾರ್ಮೋನಿಯಂ, ಮದ್ದಳೆಯವರು ಮೊದಲ ದಿನದಿಂದ ಬೇಕಿಲ್ಲ. ಮಾತು, ಹೆಜ್ಜೆ ಕೂತ ಮೇಲೆ ಕೊನೆಯ 12 ದಿನ ಇಬ್ಬರಿಗೂ 500ರಂತೆ ಕೊಟ್ಟರೆ 12,000. ಗೊಂಬೆಯಾಟದ 5 ಜನಕ್ಕೆ ಎರಡು ದಿನ, 1,500ರಂತೆ 15,000. ಪ್ರಯಾಣ 6,000. ಇಲ್ಲಿಗೆ 89,000, ಅಂದರೆ ಹೆಚ್ಚೂ ಕಡಿಮೆ ಅರ್ಧ ದುಡ್ಡು ಕಲಾವಿದರ ಕೈಗೆ ಹೋಯಿತು. ಪ್ರಾಯೋಜನೆ ಸಿಕ್ಕರೆ ಗೊಂಬೆಯಾಟದ ಸಾಲನ್ನು ಪಟ್ಟಿಯಿಂದ ತೆಗೆಯಲೇಬೇಕು, ಒಂದೇ ಖರ್ಚನ್ನು ಎರಡು ಕಡೆ ತೋರಿಸುವಂತಿಲ್ಲ.

ವೇಷಭೂಷಣ ಈ ವರ್ಷ ಕೊಳ್ಳಬೇಡಿ. ಕಿರೀಟ, ಭುಜಕೀರ್ತಿ ಕೊಂಡರೆ ಇಡಲು ಒಣ ಕೋಣೆ ಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬೇಗಡೆ (ಮಿನುಗುವ ತೆಳು ತಗಡು) ಕಪ್ಪಾಗಿ, ಅಂಟು ಬಿಟ್ಟು ಹಾಳಾಗುತ್ತದೆ. ಅನುದಾನದಲ್ಲಿ ಕೊಂಡ ವಸ್ತುವಿಗೆ ಆಸ್ತಿ ರಿಜಿಸ್ಟರ್ ಬೇರೆ ಇಡಬೇಕು. ಎರಡು ಆಟಕ್ಕೆ 9,000ದಂತೆ ಬಾಡಿಗೆ ಎಂದು 18,000 ಬರೆಯಿರಿ. ಮೈಕ್-ಲೈಟ್-ಶಾಮಿಯಾನ 28,000, ಊಟ 20,000, ವಿಡಿಯೊ ದಾಖಲೆ 8,000, ಪ್ರಚಾರ 5,000, ಆಡಿಟರ್ ಶುಲ್ಕ 4,000, ಆಕಸ್ಮಿಕ 8,000. ಕೂಡಿಸಿ ನೋಡಿ, ಸರಿಯಾಗಿ 1,80,000. ಸಂಖ್ಯೆಗಳನ್ನು ನಿಮ್ಮ ಭಾಗದ ದರಕ್ಕೆ ಹೊಂದಿಸಿಕೊಳ್ಳಿ, ರಚನೆ ಮಾತ್ರ ಹೀಗೇ ಇರಲಿ. ಶಾಲು-ಹಾರಕ್ಕೆ ಊರವರ ವಂತಿಗೆ ಸಾಕು.

ಗೊಂಬೆಯಾಟದ ಬಗ್ಗೆ ಎರಡು ಮಾತು. ದೊಡ್ಡಾಟದ ಜಾಗದಲ್ಲೇ ಇದನ್ನೂ ಇಟ್ಟರೆ ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. 200-250 ಜನ ಹತ್ತಿರ ಕೂರುವಂಥ ಗುಡಿಯ ಅಂಗಳ ಅಥವಾ ಶಾಲೆಯ ಆವರಣ ನೋಡಿ, ಬೀದಿದೀಪ ಆರಿಸುವ ವ್ಯವಸ್ಥೆ ಇರಲಿ. ಪರದೆಯ ಹಿಂದೆ ದೊಡ್ಡ ಹ್ಯಾಲೊಜನ್ ಇಡಲು ಲೈಟಿನವರಿಗೆ ಬಿಡಬೇಡಿ. ಕಾವಿಗೆ ತೊಗಲು ಮುರುಟುತ್ತದೆ, ತಲೆಮಾರುಗಳಿಂದ ಬಂದ ಗೊಂಬೆ ಹಾಗೆ ಹಾಳಾದರೆ ಯಾವ ಅನುದಾನದಿಂದಲೂ ತುಂಬಿಕೊಡಲಾಗುವುದಿಲ್ಲ. ಮಕ್ಕಳ ಕಮ್ಮಟಕ್ಕೆ ರಟ್ಟು, ಎಣ್ಣೆ ಹಚ್ಚಿದ ಕಾಗದ, ಬಿದಿರುಕಡ್ಡಿ ಸಾಕು.

ಲೆಕ್ಕಪತ್ರ (ಗಂಗಾವತಿ)

ಅಂದಾಜುಪಟ್ಟಿ ಚೆನ್ನಾಗಿದೆ, ಆದರೆ ಹಣ ನಿಲ್ಲುವುದು ಬಳಕೆ ಪ್ರಮಾಣಪತ್ರದ (ಅನುದಾನ ಹೇಗೆ ಖರ್ಚಾಯಿತೆಂದು ಒಪ್ಪಿಸುವ ಪತ್ರ) ಹೊತ್ತಿಗೆ. ಕೇಂದ್ರದ ಅನುದಾನವಾದರೆ ಅದು ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲೇ ಇರಬೇಕು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕಲಾವಿದರ ಬ್ಯಾಂಕ್ ಖಾತೆ. ಎರಡು ವರ್ಷ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗಿರುತ್ತದೆ; ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಸೇರಿ ಇನ್ನೊಂದು. ಹಣ ಹಾಕಿದರೆ ವಾಪಸ್ ಬರಬಹುದು, ಅಷ್ಟರಲ್ಲಿ ಮಾರ್ಚ್ 31 ದಾಟಿರುತ್ತದೆ. ತಾಲೀಮು ಶುರುವಾದ ವಾರವೇ 16 ಜನರ ಪಾಸ್‌ಬುಕ್ ತರಿಸಿ, ಕೆವೈಸಿ ಮಾಡಿಸಿ, ಒಬ್ಬೊಬ್ಬರಿಗೂ ಒಂದು ರೂಪಾಯಿ ಹಾಕಿ ನೋಡಿ. ಹತ್ತು ಸಾವಿರ ದಾಟಿದ ನಗದು ಪಾವತಿ ಬೇಡವೇ ಬೇಡ. ನಗದು ಕೊಡಲೇಬೇಕಾದ ಸಣ್ಣ ಖರ್ಚಿಗೆ ವೋಚರ್, ಸಹಿ ಇರಲಿ. 5,000 ಮೀರಿದ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ ಮಾಡಿಸಿ.

ಬಿಲ್ಲುಗಳು ಅಧ್ಯಕ್ಷರ ಹೆಸರಿಗೆ ಬರಬಾರದು, ಸಂಘದ ಹೆಸರಿಗೆ ಬರಬೇಕು. ಮೈಕ್‌ಸೆಟ್ಟಿನವರಿಗೆ ಜಿಎಸ್‌ಟಿ ಇಲ್ಲದಿರಬಹುದು, ಅದು ತಪ್ಪಲ್ಲ; ಆದರೆ ಬಿಳಿ ಹಾಳೆಯ ಮೇಲಿನ ಚೀಟಿ ನಡೆಯುವುದಿಲ್ಲ. ಅಂಗಡಿಯ ಹೆಸರು, ವಿಳಾಸ, ಬಿಲ್ ಸಂಖ್ಯೆ, ದಿನಾಂಕ ಇರುವ ಅಚ್ಚಿನ ಬಿಲ್ಲನ್ನೇ ಕೇಳಿ ಪಡೆಯಿರಿ. ಮಂಜೂರಾತಿ ಪತ್ರದ ದಿನಾಂಕಕ್ಕಿಂತ ಹಿಂದಿನ ಬಿಲ್ ತೆಗೆದುಹಾಕುತ್ತಾರೆ, ಆದ್ದರಿಂದ ಮುಂಗಡ ಕೊಡುವ ಮೊದಲು ಪತ್ರ ಕೈಗೆ ಬಂದಿದೆಯೇ ನೋಡಿ. ತಾಲೀಮಿಗೆ ದಿನದ ಹಾಜರಿ ಪುಸ್ತಕ ಇಡಿ. 30 ದಿನದ ಸಂಭಾವನೆಗೆ ಅದೊಂದೇ ಸಾಕ್ಷಿ. ಫೋಟೊ ಬರೀ ಗಣ್ಯರದ್ದು ಇದ್ದರೆ ಉಪಯೋಗವಿಲ್ಲ. ಬ್ಯಾನರ್, ದಿನಾಂಕ, ಆಡುತ್ತಿರುವ ಕಲಾವಿದರು, ಕೂತ ಜನ ಒಂದೇ ಚೌಕಟ್ಟಿನಲ್ಲಿ ಕಾಣಬೇಕು.

ಇನ್ನೊಂದು. ವಾರ್ಷಿಕ ಸರ್ವಸದಸ್ಯರ ಸಭೆಯಾಗಿ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೊದಲ ವರ್ಷದ್ದು ಸಲ್ಲಿಸಿದ್ದೀರಾ? ಬಿಟ್ಟಿದ್ದರೆ ದಂಡ ಕಟ್ಟಿ ಈಗಲೇ ಸರಿಪಡಿಸಿ. ಮೂರು ವರ್ಷ ತುಂಬಿದಾಗ ನಡುವಿನ ಒಂದು ವರ್ಷ ಖಾಲಿ ಇದ್ದರೆ ಕಾದದ್ದೆಲ್ಲ ವ್ಯರ್ಥ.

ಬಯಲಾಟ ಬಳಗ (ಕುಷ್ಟಗಿ ತಾಲ್ಲೂಕು)

ಬೈಲಾ ನೋಡಿದೆವು, ಸರ್. "ಸಾಂಸ್ಕೃತಿಕ ಚಟುವಟಿಕೆ" ಎಂಬ ಪದ ಇದೆ, ಜಾನಪದ, ರಂಗಭೂಮಿ ಇಲ್ಲ, ತಿದ್ದುಪಡಿ ಹಾಕುತ್ತೇವೆ. ಅಕ್ಕಾರ, ಮೊದಲ ವರ್ಷದ ಲೆಕ್ಕ ಸಲ್ಲಿಸಿದ ಸ್ವೀಕೃತಿ ಇದೆ. ಇನ್ನೆರಡು ಪ್ರಶ್ನೆ: ಗಿಣಿಗೇರಾ ಕಡೆಯ ಕಾರ್ಖಾನೆಗಳ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಹಣ) ಕೇಳಬಹುದೇ? ಆಟ ಬೆಳಗಿನವರೆಗೆ ಇಟ್ಟರೆ ಮೈಕಿಗೆ ಪರವಾನಗಿ ಸಿಗುತ್ತದೆಯೇ?

ಲೆಕ್ಕಪತ್ರ (ಗಂಗಾವತಿ)

ಸಿಎಸ್‌ಆರ್‌ಗೆ ಕಂಪನಿ ಕಾಯ್ದೆ 2013ರ 7ನೇ ಅನುಸೂಚಿಯಲ್ಲಿ ಕಲೆ-ಸಂಸ್ಕೃತಿ, ಸಾಂಪ್ರದಾಯಿಕ ಕಲೆಗಳ ಬಾಬತ್ತು ಇದೆ. ಆದರೆ ಹಣ ಸಂಘದ ಮೂಲಕ ಖರ್ಚಾಗಬೇಕೆಂದರೆ ಆದಾಯ ತೆರಿಗೆ ಇಲಾಖೆಯ 12ಎ (ಸಂಘಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ), ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ, ಜೊತೆಗೆ ಅದೇ ಬಗೆಯ ಕೆಲಸದಲ್ಲಿ 3 ವರ್ಷದ ಅನುಭವ ಬೇಕು. ನಿಮಗೆ ಈಗ ಯಾವುದೂ ಇಲ್ಲ. ಜೊತೆಗಾರ ಸಂಘಕ್ಕೆ ಇದ್ದರೆ ಡಿಸೆಂಬರ್‌ನಲ್ಲೇ ಪತ್ರ ಕೊಡಿ, ಅದೂ ಮುಂದಿನ ಆರ್ಥಿಕ ವರ್ಷದ ಯೋಜನೆಗೆಂದು ಬರೆದು. ಫೆಬ್ರವರಿಯಲ್ಲಿ ಹೋದರೆ ಹಣ ಹಂಚಿಕೆ ಆಗಿರುತ್ತದೆ.

ತಾಲೀಮುಮನೆ (ಸಿಂಧನೂರು)

ಮೈಕಿನ ವಿಷಯ: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಾಗ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕ ಸರ್ಕಾರ ವರ್ಷಕ್ಕ ಒಟ್ಟು 15 ದಿನ ಮೀರದಂಗ ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು, ಅಷ್ಟೇ. ಹಂಗಾಗಿ ಅರ್ಜಿಯಾಗ "ರಾತ್ರಿಯಿಡೀ" ಅಂತ ಬರೀಬೇಡಿರಿ. ಸಂಜೆ 6ಕ್ಕೆ ಗಣಪತಿ ಸ್ತುತಿ ಶುರುವಾಗಿ 10ಕ್ಕ ಮಂಗಳ ಹಾಡುವಂಗ ಪ್ರಸಂಗ ಕತ್ತರಿಸಲಿಕ್ಕೆ ಮಾಸ್ತರರಿಗೆ ತಾಲೀಮಿನ ಮೊದಲ ದಿನವೇ ಹೇಳಿರಿ. ಕೊನೆ ವಾರದಾಗ ಕತ್ತರಿಸಿದ್ರ ಪದದ ಕೊಂಡಿ ತಪ್ಪಿ ಹುಡುಗರು ಮಾತು ಮರೀತಾರ. ಪೂರ್ತಿ ರಾತ್ರಿ ಆಟವೇ ಬೇಕಂದ್ರ 10ರ ನಂತರ ಮೈಕ್, ವಾದ್ಯ ಎರಡೂ ಬಂದ್ ಮಾಡಿ ಬಾಯಿದನಿಯಲ್ಲೇ ಆಡಿಸಬೇಕು; ಅದಕ್ಕ ಜನ ಸುತ್ತ ಹತ್ತಿರ ಕೂರುವಂಥ ಜಾಗ ಬೇಕು, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿರಬೇಕು.

ಶಾಲೆ ಕಮ್ಮಟ ಒಂದು ದಿನಕ್ಕ ಮುಗಿಸೂದು ಬೇಡ ಅನ್ನಿಸಿದ್ರ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ 'ಕಲಿ-ಕಲಿಸು' ಯೋಜನೆ ನೋಡಿರಿ. ಅಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ವೈಯಕ್ತಿಕವಾಗಿ ಅರ್ಜಿ ಹಾಕಬಹುದು, ಸಂಘದ ನೋಂದಣಿ ಪ್ರಶ್ನೆ ಬರೂದಿಲ್ಲ, ಕನ್ನಡದಾಗೇ ಬರೀಬಹುದು. ಆದ್ರ ಅವರು ಕೇಳೂದು ಪಾಠದ ಜೋಡಿ ತಿಂಗಳುಗಟ್ಟಲೆ ನಡೆಯುವ ಕೆಲಸ. ನಿಮ್ಮ ಶಾಲೆಯಾಗ ಅಷ್ಟು ಆಸಕ್ತಿ ಇರುವ ಮಾಸ್ತರರೋ ಟೀಚರೋ ಇದ್ದಾರೇನು, ಮೊದಲು ಅವರನ್ನ ತಾಲೀಮಿಗೆ ಕರೆದು ಕೂಡಿಸಿರಿ.