ಮನೆ ಮನೆಗೆ ಹೋಗುವ ನರ್ಸ್ ಕೆಲಸ ಶುರು ಮಾಡಿದವರು ಯಾರು?

ನರ್ಸಿಂಗ್ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಈಗ ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಕಮ್ಯುನಿಟಿ ಪೋಸ್ಟಿಂಗ್, ಅಂದರೆ ಮನೆ ಮನೆಗೆ ಹೋಗಿ ಕೆಲಸ ಕಲಿಯುವುದು. ಮೊನ್ನೆ ಒಬ್ಬರು ಅಜ್ಜಿ, "ಆಸ್ಪತ್ರೆ ಬಿಟ್ಟು ಇಲ್ಲಿಗ್ಯಾಕೆ ಬಂದ್ರವ್ವ?" ಎಂದು ಕೇಳಿದರು. ಸೆಮಿನಾರಿಗೆ ಇದನ್ನೇ ವಿಷಯ ಮಾಡಿಕೊಂಡಿದ್ದೇನೆ. ಎಲ್ಲಿ ನೋಡಿದರೂ ಆಧುನಿಕ ನರ್ಸಿಂಗ್‌ಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆಯೇ ಇದೆ. ಬೇರೆ ಯಾರ ಬಗ್ಗೆ ಓದಬೇಕು?

ನಿವೃತ್ತ ಎಲ್‌ಎಚ್‌ವಿ, ಪಾಂಡವಪುರ

ನೋಡಮ್ಮ, ನಾನು ಮಂಡ್ಯ ಜಿಲ್ಲೆಯಲ್ಲಿ ಎಎನ್‌ಎಂ (ಹಳ್ಳಿಯಲ್ಲಿ ಹೆರಿಗೆ, ತಾಯಿ-ಮಗುವಿನ ಆರೈಕೆ ನೋಡುವ ನರ್ಸ್) ಆಗಿ ಸೇರಿ ಎಲ್‌ಎಚ್‌ವಿ (ಎಎನ್‌ಎಂಗಳ ಮೇಲ್ವಿಚಾರಕಿ, ಲೇಡಿ ಹೆಲ್ತ್ ವಿಸಿಟರ್) ಆಗಿ ನಿವೃತ್ತಿಯಾದವಳು. ನನ್ನನ್ನು ಕೇಳಿದರೆ ಮೊದಲು ಅಮೆರಿಕದ ನರ್ಸ್ ಲಿಲಿಯನ್ ವಾಲ್ಡ್ ಹೆಸರು ಹೇಳುತ್ತೇನೆ. 'ಪಬ್ಲಿಕ್ ಹೆಲ್ತ್ ನರ್ಸ್' ಎಂಬ ಹೆಸರು ಕೊಟ್ಟವರೇ ಅವರು.

1893ರ ಮಾತು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್. ಬೇರೆ ದೇಶಗಳಿಂದ ಬಂದ ಬಡವರು ಇಕ್ಕಟ್ಟಿನ ವಠಾರಗಳಲ್ಲಿ ತುಂಬಿಕೊಂಡಿದ್ದ ಜಾಗ. ರೋಗಿಯನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ವಾಲ್ಡ್ ಅಲ್ಲಿನ ಹೆಂಗಸರಿಗೆ ಪಾಠ ಮಾಡುತ್ತಿದ್ದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಬಂದು, ಅಮ್ಮನಿಗೆ ಹುಷಾರಿಲ್ಲ ಎಂದು ಕರೆದುಕೊಂಡು ಹೋದಳು. ಹೋಗಿ ನೋಡಿದರೆ ಬಾಣಂತಿ ರಕ್ತಸ್ರಾವವಾಗಿ ಕೊಳಕು ಹಾಸಿಗೆಯಲ್ಲಿ ಬಿದ್ದಿದ್ದಳು. ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ವಾಲ್ಡ್ ಆಗ ಡಾಕ್ಟರಿಕೆ ಓದುತ್ತಿದ್ದರು. ಆ ಓದನ್ನೇ ಬಿಟ್ಟರು. ಗೆಳತಿ ಮೇರಿ ಬ್ರೂಸ್ಟರ್ ಜೊತೆ ಆ ಜನರ ನಡುವೆಯೇ ಮನೆ ಮಾಡಿದರು. ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದು. 1895ರಲ್ಲಿ ಹೆನ್ರಿ ಸ್ಟ್ರೀಟಿನ ಮನೆಗೆ ಬಂದರು. ಡಾಕ್ಟರ ಚೀಟಿ ಬೇಕಿಲ್ಲ, ಯಾರು ಬೇಕಾದರೂ ನರ್ಸನ್ನು ನೇರವಾಗಿ ಕರೆಯಬಹುದಿತ್ತು. ಕೈಲಾದವರು ಅಷ್ಟೋ ಇಷ್ಟೋ ಕೊಡುತ್ತಿದ್ದರು. ಇಲ್ಲದವರಿಗೆ ಪುಕ್ಕಟೆ. ಮೆಟ್ಟಿಲು ಹತ್ತಿ ಇಳಿಯುವುದು ತಪ್ಪಲಿ ಎಂದು ನರ್ಸುಗಳು ಒಂದು ವಠಾರದ ತಾರಸಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಬ್ಯಾಗ್ ಹಿಡಿದು ಹಾಗೆ ದಾಟುವ ನರ್ಸಿನ ಹಳೇ ಫೋಟೋ ಇದೆ, ಹುಡುಕಿ ಸೆಮಿನಾರಿನಲ್ಲಿ ತೋರಿಸು.

ನಾನೂ ಹಳ್ಳಿಯ ಸಬ್ ಸೆಂಟರ್ (ಉಪ ಆರೋಗ್ಯ ಕೇಂದ್ರ) ಕ್ವಾರ್ಟರ್ಸಿನಲ್ಲೇ ಇದ್ದವಳು. ರಾತ್ರಿ ಹೊತ್ತು "ಸಿಸ್ಟರಮ್ಮ, ನೋವು ಶುರುವಾಯ್ತು" ಎಂದು ಬಾಗಿಲು ಬಡಿಯುತ್ತಿದ್ದರು. ಅದೇ ಊರಿನ ನೀರು ಕುಡಿದು, ಅದೇ ಅಂಗಡಿಯಲ್ಲಿ ಸಾಮಾನು ತರುತ್ತಿದ್ದೆ. ಹಾಗಾಗಿ ಯಾವ ಮನೆಯ ಸೊಸೆ ಸರಿಯಾಗಿ ಉಣ್ಣುತ್ತಿಲ್ಲ, ಯಾರ ಮನೆಯಲ್ಲಿ ಬಸಿರು ಮುಚ್ಚಿಟ್ಟಿದ್ದಾರೆ, ಎಲ್ಲ ಕಿವಿಗೆ ಬೀಳುತ್ತಿತ್ತು. ಬೆಳಗ್ಗೆ ಬಸ್ಸಿಳಿದು ಸಂಜೆ ಬಸ್ ಹತ್ತುವವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಶಾಲಾ ಶಿಕ್ಷಕ, ಮೈಸೂರು

ಅಕ್ಕ ಹೇಳಿದ್ದು ನಿಜ. ಆದರೂ ನೈಟಿಂಗೇಲ್ ಅವರನ್ನು ಬಿಡಬೇಡಿ. 1859ರಲ್ಲಿ ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನ್, ಮೇರಿ ರಾಬಿನ್ಸನ್ ಎಂಬ ನರ್ಸನ್ನು ಬಡವರ ಮನೆಗಳಿಗೆ ಕಳಿಸಿದರು. ತನ್ನ ಹೆಂಡತಿಯನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದ ನರ್ಸ್ ಅವರು. ಕೆಲಸ ಬೆಳೆದು ತರಬೇತಾದವರು ಸಾಲದೆ ಬಂದಾಗ ರಾತ್‌ಬೋನ್ ಸಲಹೆ ಕೇಳಿದ್ದು ನೈಟಿಂಗೇಲ್ ಅವರನ್ನೇ. ಲಿವರ್‌ಪೂಲಿನಲ್ಲೇ ನರ್ಸುಗಳನ್ನು ತಯಾರು ಮಾಡಿ ಎಂದರು ನೈಟಿಂಗೇಲ್.

ಇನ್ನೊಬ್ಬರು ಲೀನಾ ರಾಜರ್ಸ್. ನಾನು ಮೇಷ್ಟ್ರು, ಇವರ ಮೇಲೆ ಗೌರವ ಜಾಸ್ತಿ. ಆಗ ನ್ಯೂಯಾರ್ಕಿನಲ್ಲಿ ಟ್ರಕೋಮಾ (ಕಣ್ಣಿನ ಅಂಟುರೋಗ), ಹೇನು, ಹುಳುಕಡ್ಡಿ ಇರುವ ಮಕ್ಕಳನ್ನು ಶಾಲೆಯಿಂದ ಮನೆಗೆ ಕಳಿಸಿಬಿಡುತ್ತಿದ್ದರು. ಮನೆಯಲ್ಲಿ ಔಷಧಿ ಹಚ್ಚುವವರಿಲ್ಲದೆ ಮಕ್ಕಳು ಬೀದಿ ಪಾಲು. 1902ರ ಅಕ್ಟೋಬರಿನಲ್ಲಿ ವಾಲ್ಡ್ ತಮ್ಮ ನರ್ಸ್ ಲೀನಾ ಅವರನ್ನು 4 ಶಾಲೆಗಳಿಗೆ ಕಳಿಸಿದರು. ಲೀನಾ ಶಾಲೆಯಲ್ಲೇ ಔಷಧಿ ಹಚ್ಚಿದರು, ಮನೆಗೆ ಹೋಗಿ ತಾಯಂದಿರಿಗೂ ಹೇಳಿಕೊಟ್ಟರು. ಅವರು ಬರುವ ಹಿಂದಿನ ತಿಂಗಳು, ಸೆಪ್ಟೆಂಬರಿನಲ್ಲಿ, ಹೊರಗೆ ಹಾಕಿಸಿಕೊಂಡ ಮಕ್ಕಳು 10,000ಕ್ಕೂ ಹೆಚ್ಚು. ಮರುವರ್ಷ ಅದೇ ತಿಂಗಳಲ್ಲಿ 1,100ರ ಆಸುಪಾಸು.

ನರ್ಸಿಂಗ್ ವಿದ್ಯಾರ್ಥಿನಿ, ಮೈಸೂರು

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ನಮ್ಮ ದೇಶದಲ್ಲಿ?

ನಿವೃತ್ತ ಎಲ್‌ಎಚ್‌ವಿ, ಪಾಂಡವಪುರ

1918ರಲ್ಲಿ ದೆಹಲಿಯಲ್ಲಿ ಹೆಲ್ತ್ ವಿಸಿಟರ್‌ಗಳ, ಅಂದರೆ ಮನೆ ಮನೆಗೆ ಹೋಗಿ ಆರೋಗ್ಯದ ವಿಷಯ ಹೇಳಿಕೊಡುವವರ, ತರಬೇತಿ ಶುರುವಾಯಿತು. ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್ ಎಂದು ಹೆಸರಾಗಿದ್ದು ಅದೇ. ಎಎನ್‌ಎಂ ಕೋರ್ಸ್ ಬಂದಿದ್ದು ಸ್ವಾತಂತ್ರ್ಯದ ಮೇಲೆ, 1951ರಲ್ಲಿ, ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ.

ಇನ್ನೊಂದು ಮಾತು. ಇವರೆಲ್ಲ ಬರುವ ಮುಂಚೆ ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಸೂಲಗಿತ್ತಿಯರು. ಕೈ ತೊಳೆಯುವುದು, ಹೊಸ ಬ್ಲೇಡಿನಲ್ಲೇ ಹೊಕ್ಕುಳಬಳ್ಳಿ ಕತ್ತರಿಸುವುದು, ಇದನ್ನೆಲ್ಲ ನಾವು ಅವರಿಗೆ ಹೇಳಿಕೊಡುತ್ತಿದ್ದೆವು. ಬಾಣಂತಿಗೆ ಧೈರ್ಯ ತುಂಬುವುದನ್ನು ನಾನು ಅವರಿಂದಲೇ ಕಲಿತೆ. ನಿನ್ನ ಪೋಸ್ಟಿಂಗ್ ಊರಿನಲ್ಲಿ ವಯಸ್ಸಾದ ಸೂಲಗಿತ್ತಿ ಯಾರಾದರೂ ಇದ್ದರೆ ಹೋಗಿ ಮಾತಾಡಿಸು. ಅವರು ಒಪ್ಪಿದರೆ ಹೇಳಿದ್ದನ್ನು ಬರೆದುಕೊಂಡು ಸೆಮಿನಾರಿನಲ್ಲಿ ಸೇರಿಸಮ್ಮ.