ಅಪ್‌ಡೇಟ್: ಸಕ್ಕರೆ ಗುಲಾಬಿ ಕೊನೆಗೂ ನೆಟ್ಟಗೆ ನಿಂತಿತು!

ಕೇಕ್ ಮೇಲಿಡೋ ಸಕ್ಕರೆ ಹೂವಿನ ಎಸಳು ಒಣಗಿದ ಮೇಲೂ ಬಾಗಿ ಬೀಳುತ್ತವೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಈ ಸಲ ಸರಿ ಬಂತು.

ಬರೀ ಫಾಂಡೆಂಟ್‌ನಲ್ಲಿ (ಕೇಕ್‌ಗೆ ಹೊದಿಸುವ ಸಕ್ಕರೆ ಹಿಟ್ಟು) ಮಾಡುತ್ತಿದ್ದೆ, ಅದು ಮೆತ್ತಗೇ ಉಳಿಯುತ್ತಿತ್ತು. ನೀವು ಹೇಳಿದಂತೆ 250 ಗ್ರಾಂಗೆ ಒಂದು ಟೀ ಚಮಚ ಸಿಎಂಸಿ ಪುಡಿ (ಹಿಟ್ಟನ್ನು ಗಟ್ಟಿಯಾಗಿಸುವ, ತಿನ್ನಬಹುದಾದ ಅಂಟಿನ ಪುಡಿ) ಹಾಕಿ ನಾದಿ, ರಾತ್ರಿಯಿಡೀ ಮುಚ್ಚಿಟ್ಟೆ. ಮಾರನೇ ದಿನ ಕೆಳಗಿನ ಅಕ್ಷರ ಕಾಣುವಷ್ಟು ತೆಳ್ಳಗೆ ಲಟ್ಟಿಸಿದರೂ ಹರಿಯಲಿಲ್ಲ. ಸ್ಪಂಜಿನ ಮೇಲಿಟ್ಟು, ಗುಂಡು ತುದಿಯ ಕಡ್ಡಿಯಿಂದ ಅಂಚು ಸವರಿದೆ. ನಿಜವಾದ ಎಸಳಿನ ಹಾಗೇ ಸುರುಳಿಯಾಯಿತು, ಎಷ್ಟು ಖುಷಿಯಾಯಿತು ಗೊತ್ತಾ!

ಇನ್ನೊಂದು ತಪ್ಪು ಫ್ರಿಜ್. ಸಕ್ಕರೆ ತೇವ ಹೀರುತ್ತೆ, ಹೊರಗೆ ತೆಗೆದ ಕೂಡಲೇ ಹೂವು ಬೆವರುತ್ತಿತ್ತು. ಈಗ ಎಸಳನ್ನು ಚಮಚದ ಕುಳಿಯಲ್ಲಿಟ್ಟು ಎರಡು ದಿನ ಗಾಳಿಗೆ ಒಣಗಿಸಿದೆ.

ಹೂವಿನ ದಂಟಿನ ತಂತಿಯನ್ನು ಕೇಕ್‌ಗೆ ನೇರ ಚುಚ್ಚಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಸ್ಟ್ರಾದೊಳಗೆ ಇಟ್ಟೇ ಕೂರಿಸಿದೆ.