ಪದಚರ್ಚೆ: ‘ಥ್ರೋ ಜಂಪ್’ ಕನ್ನಡದಲ್ಲಿ ಏನು? (ತುರ್ತು)

ಬಲ್ಲವರೇ,

ಮಂಜುಗಡ್ಡೆಯ ಮೇಲೆ ಗಂಡು ಹೆಣ್ಣು ಜೊತೆಯಾಗಿ ಆಡುವ ಸ್ಪರ್ಧೆಯಲ್ಲಿ ಹೆಸರಾದ ಜರ್ಮನಿಯ ಜೋಡಿ ಸ್ಕೇಟರ್ ಅಲಿಯೋನಾ ಸಾವ್ಚೆಂಕೊ ಕುರಿತ ಬರಹವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ. ಉಕ್ರೇನಿನಲ್ಲಿ ಹುಟ್ಟಿದವರು, ರಾಬಿನ್ ಶೊಲ್ಕೊವಿ ಜೊತೆ ಜರ್ಮನಿಗೆ ಐದು ವಿಶ್ವ ಪ್ರಶಸ್ತಿ, ಎರಡು ಒಲಿಂಪಿಕ್ ಕಂಚು ತಂದರು, ಬ್ರೂನೊ ಮಾಸೊ ಜೊತೆ 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಚಿನ್ನ ಗೆದ್ದರು. ಅದು ಅವರ ಐದನೇ ಒಲಿಂಪಿಕ್ಸ್. ನಾನು ಸಿಕ್ಕಿಬಿದ್ದಿರುವುದು ‘ಥ್ರೋ ಜಂಪ್’ನಲ್ಲಿ. ಜೋಡಿಯ ಗಂಡು ಹೆಣ್ಣಿನ ಸೊಂಟ ಹಿಡಿದು ಗಾಳಿಗೆ ಬಿಡುತ್ತಾನೆ, ಅವಳು ಮೂರು ಸುತ್ತು ತಿರುಗಿ ಒಂಟಿಕಾಲಿನಲ್ಲಿ ತಾನೇ ಇಳಿಯುತ್ತಾಳೆ. ‘ಎಸೆತ’ ಎಂದರೆ ಚೆಂಡು ನೆನಪಾಗುತ್ತದೆ. ‘ಎತ್ತು’ ಆಗದು, ಅವಳನ್ನು ಎತ್ತಿ ಹಿಡಿಯುವ ಲಿಫ್ಟ್ ಬೇರೆಯೇ ಇದೆ.

ಮರು:

ಚಿಮ್ಮು ಜಿಗಿತ. ಚಿನ್ನಿದಾಂಡಿನಲ್ಲಿ ಚಿನ್ನಿಯನ್ನು ಚಿಮ್ಮುತ್ತೇವೆ, ಚಿನ್ನಿಯೂ ಚಿಮ್ಮುತ್ತದೆ. ಒಂದೇ ಧಾತು ಇಬ್ಬರ ಕೆಲಸವನ್ನೂ ಹೇಳುತ್ತದೆ. ‘ಎಸೆ’ಗೆ ಆ ಶಕ್ತಿ ಇಲ್ಲ. ಮೇಲಕ್ಕೆ ಹಾರಿಸಿ ಅವನೇ ಹಿಡಿದುಕೊಳ್ಳುವ ಟ್ವಿಸ್ಟ್‌ಗೆ ಮಾತ್ರ ಇದನ್ನು ಹಚ್ಚಬೇಡಿ.

ಮರು:

ಚಿಮ್ಮು ಸರಿ. ಅದರ ಪಕ್ಕದಲ್ಲಿ ‘ಜೋಡಿ ಸ್ಕೇಟಿಂಗ್’ ಏಕೆ? ಜರ್ಮನರು ಈ ಸ್ಪರ್ಧೆಯನ್ನು ‘ಪಾರ್‌ಲೌಫ್’ ಎನ್ನುತ್ತಾರೆ, ಜೋಡಿ ಓಟ. ಇಡೀ ಕ್ರೀಡೆಗೆ ‘ಐಸ್‌ಕುನ್ಸ್ಟ್‌ಲೌಫ್’, ಮಂಜುಗಡ್ಡೆಯ ಮೇಲಿನ ಕಲೆಯ ಓಟ. ಅವರಿಗೆ ತಮ್ಮ ಮನೆಯ ಮಾತೇ ಸಾಕಾಗಿದೆ. ‘ಜೋಡಿ’ ಉತ್ತರದಿಂದ ಬಂದ ಪದ. ಹಳಗನ್ನಡದಲ್ಲಿ ಚಕ್ರವಾಕಗಳಿಗೆ ‘ಎಣೆವಕ್ಕಿ’ ಎಂಬ ಹೆಸರಿತ್ತು. ಎಣೆ ಎಂದರೆ ಜೊತೆ. ‘ಎಣೆಜಾರಾಟ’ ಎಂದು ಧೈರ್ಯವಾಗಿ ಬರೆಯಿರಿ.

ಮರು:

> ಎಣೆಜಾರಾಟ

ಆಗದು. ‘ಎಣೆ’ ಇಂದು ಉಳಿದಿರುವುದು ‘ಎಣೆಯಿಲ್ಲದ’ ಎಂಬಲ್ಲಿ, ಅರ್ಥ ಸಾಟಿ. ‘ಜಾರು’ ಎಂದರೆ ಓದುಗನ ಕಣ್ಣಿಗೆ ಬೀಳುವುದು ಕಾಲು ತಪ್ಪಿದವನು. ಪ್ಯೊಂಗ್‌ಚಾಂಗ್‌ನ ಕಥೆಯನ್ನೇ ನೋಡಿ. ಮೊದಲ ದಿನ ಮಾಸೊ ಮೂರು ಸುತ್ತಿನ ‘ಸಾಲ್ಕೊ’ ಎಂಬ ಜಿಗಿತ ಹಾಕುವಲ್ಲಿ ಎರಡೇ ಸುತ್ತು ಹಾಕಿದರು, 76.59 ಅಂಕಕ್ಕೆ ನಾಲ್ಕನೇ ಸ್ಥಾನ. ಮರುದಿನ 159.31, ಆಗಿನ ವಿಶ್ವದಾಖಲೆ. ಒಟ್ಟು 235.90, ಚೀನಾದ ಸುಯಿ–ಹಾನ್ ಜೋಡಿಗಿಂತ 0.43 ಮಾತ್ರ ಹೆಚ್ಚು. ಇದನ್ನು ಜಾರಾಟ ಎಂದು ಕರೆದರೆ ಆ ಸಾಧನೆಗೆ ಅವಮಾನ. ಅಲ್ಲದೆ ಸಾಲ್ಕೊ ಸ್ವೀಡನ್ನಿನ ಆಟಗಾರನ ಹೆಸರು, ‘ಆಕ್ಸೆಲ್’ ಎಂಬ ಇನ್ನೊಂದು ಜಿಗಿತದ ಹೆಸರು ನಾರ್ವೆಯವನದು. ಮೇಷ್ಟ್ರೇ, ನಿಮ್ಮ ಜರ್ಮನರೂ ಅವನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ.

ಮರು:

ಅಂಕಿತನಾಮವನ್ನು ಅನುವಾದಿಸಿ ಎಂದು ಯಾರು ಹೇಳಿದರು? ಅದನ್ನು ನೆಪಮಾಡಿಕೊಂಡು ಕ್ರಿಯಾಪದವನ್ನೂ ಸಾಲ ತರುತ್ತೀರಲ್ಲ, ನನ್ನ ತಕರಾರು ಅದಕ್ಕೆ. ‘ಬಸ್’ ಎಂಬ ಪದ ಬಂತು, ಆಟಗಾರರ ಹೆಸರೂ ಬಂತು, ಒಪ್ಪಿದೆ. ಆದರೆ ನೆಗೆತ, ಜಿಗಿತ, ಎಗರು, ಕುಪ್ಪಳಿಸು, ಲಂಘನ ಇಷ್ಟೆಲ್ಲ ಇದ್ದೂ ‘ಜಂಪ್’ ಎಂದು ಬರೆಯುವುದು ಶುದ್ಧ ಸೋಮಾರಿತನ. ಕ್ರೀಡಾಪುಟಗಳು ಹಾಳಾದದ್ದು ಹೀಗೆ.

ಮರು:

‘ಲಂಘನ’ ಸಂಸ್ಕೃತದ ಸಾಲ. ಅದನ್ನು ಲೆಕ್ಕಕ್ಕೆ ಹಿಡಿಯುವವರು ‘ಜೋಡಿ’ಯನ್ನು ಹೊರಗಟ್ಟಬಾರದು.

ಮರು:

ಎಲ್ಲರಿಗೂ ವಂದನೆ. ‘ಚಿಮ್ಮು ಜಿಗಿತ’ ತೆಗೆದುಕೊಂಡೆ, ‘ಜೋಡಿ ಸ್ಕೇಟಿಂಗ್’ ಇದ್ದಂತೆಯೇ ಇರಲಿ. ಇನ್ನೊಂದು ಉಳಿದಿದೆ. ಮಾಸೊ ಅವರ ಆ ಸಾಲ್ಕೊ ಚಿಮ್ಮು ಜಿಗಿತವಲ್ಲ. ಇಬ್ಬರೂ ಅಕ್ಕಪಕ್ಕದಲ್ಲಿ, ಒಬ್ಬರನ್ನೊಬ್ಬರು ಮುಟ್ಟದೆ, ಒಂದೇ ಹೊತ್ತಿಗೆ ಹಾಕುವಂಥದ್ದು. ಅದಕ್ಕೆ ‘ಜೊತೆಜಿಗಿತ’ ಎಂದರೆ ಸಾಕೇ? ರಾತ್ರಿ ಹತ್ತರೊಳಗೆ ತಿಳಿಸಿ.